ಹತ್ತು ಸಾಲಿನ ಜೇಡಪಾಠ: ಒಂದು ವ್ಯಾಖ್ಯಾನ

ಕನ್ನಡದಲ್ಲಿ ಜೇಡ ಎಂದರೆ ಎಂಟು ಕಾಲಿನ ಜೀವಿಯೂ ಹೌದು, ನೇಕಾರನೂ ಹೌದು. ವಚನಕಾರ ದಾಸಿಮಯ್ಯನಿಗೆ ಜೇಡರ ದಾಸಿಮಯ್ಯ ಎಂಬ ಹೆಸರು ಬಂದದ್ದು ನೇಯ್ಗೆಯ ಕಸುಬಿನಿಂದ. ಕಾಡಿನಲ್ಲಿ ದೊಡ್ಡ ಬಲೆ ಕಟ್ಟುವ ಜೇಡಗಳನ್ನು ಗುರುತಿಸುವ ಕ್ರಮವೂ ಈ ಒಂದು ಪದದಲ್ಲೇ ಅಡಗಿದೆ. ನೇಕಾರ ಯಾರೆಂಬುದನ್ನು ಅವನು ನೇಯ್ದ ಬಟ್ಟೆ ಹೇಳುತ್ತದೆ.

ಮಲೆನಾಡಿನ ಕಾನು, ಸೊಪ್ಪಿನ ಬೆಟ್ಟ, ತೋಟದ ಅಂಚುಗಳಲ್ಲಿ ನನ್ನೊಡನೆ ಅಲೆಯಲು ಬರುವ ಮಕ್ಕಳಿಗೆಂದು ಹತ್ತು ಸಾಲು ಬರೆದುಕೊಟ್ಟಿದ್ದೆ. ಬಾಯಿಪಾಠಕ್ಕೆ ಒದಗಲೆಂದು ಒಂಬತ್ತನ್ನು ‘ನೋಡು’ ಎಂದೇ ಮುಗಿಸಿದ್ದೇನೆ. ಸಾಲು ಚಿಕ್ಕದಾದಷ್ಟೂ ಬಿಡಿಸಿ ಹೇಳುವುದು ಹೆಚ್ಚಿರುತ್ತದೆ. ಅದಕ್ಕಾಗಿ ಈ ವ್ಯಾಖ್ಯಾನ.

ಮೂಲ

ನಡೆವ ದಾರಿಯಲ್ಲಿ ಮುಖದೆತ್ತರ ನೋಡು.
ಜೇಡಕ್ಕೆ ಮೊದಲು ನೇಯ್ಗೆ ನೋಡು.
ಹೊನ್ನೆಳೆಯಾದರೆ ನಡು ಎಲ್ಲೆಂದು ನೋಡು.
ಬಿಳಿ ಕಸೂತಿಯಾದರೆ ಕಾಲಜೋಡಿ ನೋಡು.
ಗುಡಾರವಾದರೆ ಅಂಟುಂಟೆ ನೋಡು.
ಹಾಸುಗಂಬಳಿಯಾದರೆ ಬಾಯಿ ಎಲ್ಲೆಂದು ನೋಡು.
ಇರುಳ ಬಲೆಯಾದರೆ ಹಗಲಲ್ಲಿ ಎಲೆಯ ನೋಡು.
ದೊಡ್ಡದರ ಮಗ್ಗುಲಲ್ಲಿ ಚಿಕ್ಕದನು ನೋಡು.
ಹೆಸರಿಡುವ ಮುನ್ನ ಇನ್ನೊಮ್ಮೆ ನೋಡು.
ನೋಡಿಯಾಯಿತೆ, ಬಳಸಿ ಹೋಗು.

1. ನಡೆವ ದಾರಿಯಲ್ಲಿ ಮುಖದೆತ್ತರ ನೋಡು

ಕಾಡಿನಲ್ಲಿ ನಡೆಯುವವರ ಕಣ್ಣು ಸಹಜವಾಗಿ ನೆಲದ ಮೇಲಿರುತ್ತದೆ. ಉಂಬಳ, ಹಾವು, ಜಾರುವ ಕಲ್ಲು ಎಲ್ಲವೂ ಅಲ್ಲೇ ಇರುವುದು. ಆದರೆ ದೊಡ್ಡ ಬಲೆಗಳು ಇರುವುದು ನಮ್ಮ ಮುಖ, ಎದೆಯ ಎತ್ತರದಲ್ಲಿ, ಕೆಲವೊಮ್ಮೆ ಅದಕ್ಕೂ ಮೇಲೆ. ಕಾರಣ ಸರಳ. ಜೇಡ ಬಲೆ ಕಟ್ಟುವುದು ಕೀಟ ಹಾರುವ ಕಂಡಿಗಳಲ್ಲಿ. ಎರಡು ಮರಗಳ ನಡುವಿನ ತೆರಪು, ಹಳ್ಳದ ಮೇಲಿನ ಬಯಲು, ತೋಟಕ್ಕೆ ಇಳಿಯುವ ಕಾಲುದಾರಿ, ಇವೆಲ್ಲ ಕೀಟಗಳಿಗೂ ದಾರಿಗಳೇ. ಅವುಗಳ ದಾರಿಯಲ್ಲಿ ನಾವೂ ನಡೆಯುತ್ತೇವೆ, ಅಷ್ಟೆ.

ಕಾಲವನ್ನೂ ಇಲ್ಲೇ ಹೇಳಬೇಕು. ಮಳೆಯ ಅಬ್ಬರ ತಗ್ಗಿ ಬಿಸಿಲು ಇಣುಕುವ ಭಾದ್ರಪದದಿಂದ ಕಾರ್ತಿಕದವರೆಗೆ ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆದುನಿಂತ ಹೆಣ್ಣು ಜೇಡಗಳು ಹೆಚ್ಚು ಕಾಣುತ್ತವೆ. ಬೆಳಗಿನ ಇಬ್ಬನಿಯಲ್ಲಿ, ಬೆಳಕಿಗೆ ಎದುರಾಗಿ ನಿಂತು ನೋಡಿದರೆ ಮಧ್ಯಾಹ್ನ ಕಾಣದ ಎಳೆಗಳೂ ಬೆಳಗುತ್ತವೆ.

2. ಜೇಡಕ್ಕೆ ಮೊದಲು ನೇಯ್ಗೆ ನೋಡು

ಹತ್ತು ಸಾಲುಗಳ ತಿರುಳು ಇದು. ಜೇಡ ಕಂಡೊಡನೆ ನಾವು ಗಮನಿಸುವುದು ಗಾತ್ರ ಮತ್ತು ಬಣ್ಣ. ಎರಡನ್ನೂ ನೆಚ್ಚುವಂತಿಲ್ಲ. ಒಂದೇ ಜಾತಿಯ ಮರಿಗೂ ತಾಯಿಗೂ ಬಣ್ಣ ಬೇರೆ, ಹೆಣ್ಣಿಗೂ ಗಂಡಿಗೂ ಗಾತ್ರ ಬೇರೆ. ನೇಯ್ಗೆಯ ಕ್ರಮ ಮಾತ್ರ ಆಯಾ ಕುಲದ ಹುಟ್ಟುಗುಣ. ಯಾರೂ ಕಲಿಸದೆಯೇ ಮರಿ ತನ್ನ ಕುಲದ ಬಲೆ ಕಟ್ಟುತ್ತದೆ.

ನೇಯ್ಗೆಯನ್ನು ಓದಲು ಮಗ್ಗದ ಮಾತೇ ಸಾಕು. ಚಕ್ರದಂತಹ ಬಲೆಯಲ್ಲಿ ಮೊದಲು ಚೌಕಟ್ಟು ಬರುತ್ತದೆ. ಅದರೊಳಗೆ ನಡುವಿನಿಂದ ಅಂಚಿಗೆ ಎಳೆದ ಅಂಟಿಲ್ಲದ ಎಳೆಗಳು, ಅವೇ ಹಾಸು. ಆಮೇಲೆ ಜೇಡ ನಡುವಿನಿಂದ ಹೊರಕ್ಕೆ ಸುತ್ತುತ್ತ ವಿರಳವಾದ ಒಂದು ಸುರುಳಿ ಹಾಕುತ್ತದೆ. ಇದು ಮನೆ ಕಟ್ಟುವಾಗಿನ ಸಾರುವೆಯಂತೆ, ಕೆಲಸ ಮುಗಿಯುವ ತನಕದ ಆಸರೆ. ಕೊನೆಗೆ ಅಂಚಿನಿಂದ ಒಳಕ್ಕೆ ಬರುತ್ತ, ಸಾರುವೆಯನ್ನು ಬಿಚ್ಚುತ್ತ, ಅಂಟಿನ ಎಳೆಯನ್ನು ಒತ್ತೊತ್ತಾಗಿ ಸುತ್ತುತ್ತದೆ. ಇದೇ ಹೊಕ್ಕು. ಕೀಟ ಸಿಕ್ಕಿಕೊಳ್ಳುವುದು ಹೊಕ್ಕಿನಲ್ಲಿ. ಜೇಡ ಓಡಾಡುವುದು ಹೆಚ್ಚಾಗಿ ಹಾಸಿನ ಮೇಲೆ.

ಬಲೆ ದೊಡ್ಡದಾದ ಮಾತ್ರಕ್ಕೆ ಜೇಡವೂ ದೊಡ್ಡದಿರಬೇಕೆಂದಿಲ್ಲ. ದಕ್ಷಿಣ ಭಾರತದ ಕಾಡುಗಳಲ್ಲಿ ಸಾಮಾನ್ಯವಾದ ಮುಳ್ಳುಜೇಡ, ಅಂದರೆ ಗ್ಯಾಸ್ಟರಕ್ಯಾಂತಾ ಜೆಮಿನೇಟಾ, ಉಗುರಿನಷ್ಟು ಚಿಕ್ಕದು. ಹೊಟ್ಟೆ ಚಿಪ್ಪಿನಂತೆ ಗಟ್ಟಿ, ಉದ್ದಕ್ಕಿಂತ ಅಗಲ ಹೆಚ್ಚು, ಅಂಚಿನಲ್ಲಿ ಮೂರು ಜೊತೆ ಮುಳ್ಳು. ಅದರ ಬಲೆ ಮಾತ್ರ ದಾರಿಯನ್ನೇ ಅಡ್ಡಗಟ್ಟುತ್ತದೆ. ಈ ಕುಲದ ಹಲವು ಜೇಡಗಳು ಚೌಕಟ್ಟಿನ ಎಳೆಗಳಿಗೆ ಬಿಳಿನೂಲಿನ ಸಣ್ಣ ಕುಚ್ಚು ಕಟ್ಟುತ್ತವೆ. ಸೀರೆಯ ಸೆರಗಿನಂತೆ ಆ ಕುಚ್ಚನ್ನು ಕಂಡರೆ ಮುಳ್ಳುಮೈಯವಳನ್ನು ಹುಡುಕಿ.

ಇನ್ನೊಂದು ತಪ್ಪನ್ನು ತಿದ್ದಬೇಕು. ದೊಡ್ಡ ಜೇಡ ಕಂಡೊಡನೆ ಟಾರಂಟುಲಾ ಎನ್ನುವ ರೂಢಿಯಿದೆ. ಟಾರಂಟುಲಾಗಳು ಇರುವುದು ಮರದ ಪೊಟರೆಯಲ್ಲಿ, ನೆಲದ ಬಿಲದಲ್ಲಿ. ಅವು ಚಕ್ರದ ಬಲೆ ನೇಯುವುದಿಲ್ಲ. ಮನೆಯ ಗೋಡೆಯ ಮೇಲೆ ಅಂಗೈಯಗಲ ಕಾಲು ಚಾಚಿ ಕೂರುವ ಕಂದುಜೇಡವೂ ಬಲೆ ಕಟ್ಟುವುದಿಲ್ಲ, ಓಡಿ ಬೇಟೆಯಾಡುತ್ತದೆ. ಗಾಳಿಯಲ್ಲಿ ತೂಗುವ ಚಕ್ರದ ನಡುವೆ ಕೂತದ್ದು ಇವೆರಡೂ ಅಲ್ಲವೆಂದು ನಿಶ್ಚಿಂತೆಯಿಂದ ಹೇಳಬಹುದು.

3. ಹೊನ್ನೆಳೆಯಾದರೆ ನಡು ಎಲ್ಲೆಂದು ನೋಡು

ಹೊನ್ನೆಳೆ ಎಂದರೆ ಹೊನ್ನಿನ ಬಣ್ಣದ ಎಳೆ. ಇದು ಬಿಸಿಲಿನ ಭ್ರಮೆಯಲ್ಲ. ಬಣ್ಣ ನೂಲಿನಲ್ಲೇ ಇದೆ. ನೆರಳಿನಲ್ಲಿ ಹಿಡಿದರೂ ಹಳದಿ. ನಮ್ಮ ಕಾಡಿನಲ್ಲಿ ಇಂಥ ದೊಡ್ಡ ಬಲೆ ಕಂಡರೆ ಮೊದಲು ನೆನೆಯಬೇಕಾದ ಹೆಸರು ನೆಫಿಲಾ ಪಿಲಿಪೆಸ್, ಅಂದರೆ ದೈತ್ಯ ಕಾಡುಜೇಡ. ಲಿನೇಯಸ್‌ನ ಶಿಷ್ಯ, ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ 1793ರಲ್ಲಿ ಇದನ್ನು ವಿವರಿಸಿದ. ಹಳೆಯ ಪುಸ್ತಕಗಳಲ್ಲಿ ಇದೇ ಜೇಡ ನೆಫಿಲಾ ಮ್ಯಾಕ್ಯುಲೇಟಾ ಎಂಬ ಹೆಸರಿನಲ್ಲಿದೆ. ಎರಡು ಹೆಸರು ನೋಡಿ ಎರಡು ಜೇಡವೆಂದು ತಿಳಿಯಬಾರದು. ನೆಫಿಲಾ ಎಂಬ ಗ್ರೀಕ್ ಮೂಲದ ಪದಕ್ಕೆ ನೂಲುವುದನ್ನು ಪ್ರೀತಿಸುವವಳು ಎಂದರ್ಥ. ಪಿಲಿಪೆಸ್ ಎಂದರೆ ರೋಮಗಾಲಿನ. ನಮ್ಮ ಪೂರ್ವಿಕರು ಜೇಡ ಎಂದು ಕರೆದಾಗ ಕಂಡ ಗುಣವನ್ನೇ ನೆಫಿಲಾ ಎಂದು ಕರೆದವರೂ ಕಂಡರು.

ಹೆಣ್ಣಿನ ಮೈ 3ರಿಂದ 5 ಸೆಂಟಿಮೀಟರ್ ಉದ್ದ. ಕಾಲು ಚಾಚಿದರೆ ಬೆಳೆದವರ ಅಂಗೈ ತುಂಬುತ್ತದೆ. ನೀಳವಾದ ಹೊಟ್ಟೆ ಕಪ್ಪು, ಅದರ ಮೇಲೆ ಉದ್ದಕ್ಕೆ ಹಳದಿ ಗೆರೆಗಳು. ಕಾಲುಗಳು ಕಪ್ಪು, ಕೀಲಿನ ಬಳಿ ಹಳದಿ. ಕಾಲು ಕೆಂಪಾಗಿದ್ದು ಮೈ ಪೂರ್ತಿ ಕಪ್ಪಾಗಿದ್ದರೆ ಅದು ಇದರ ಹತ್ತಿರದ ಬಂಧು ನೆಫಿಲಾ ಕೂಲಿ ಇರಬಹುದು.

ಇನ್ನು ‘ನಡು ಎಲ್ಲೆಂದು ನೋಡು’ ಎಂಬುದರ ಅರ್ಥ. ಈ ಬಲೆ ಒಂದು ಮೀಟರಿಗೂ ಅಗಲವಾಗಿದ್ದು, ಜೇಡ ಕೂರುವ ಜಾಗ ಬಲೆಯ ನಟ್ಟನಡುವೆ ಇರುವುದಿಲ್ಲ, ಮೇಲಂಚಿಗೆ ಹತ್ತಿರ ಇರುತ್ತದೆ. ಜೇಡ ತಲೆ ಕೆಳಗಾಗಿ ಕಾದಿರುತ್ತದೆ. ಭಾರವಾದ ಮೈಗೆ ಹತ್ತುವುದಕ್ಕಿಂತ ಇಳಿಯುವುದು ಬೇಗ. ಆದ್ದರಿಂದ ಬಲೆಯ ಹೆಚ್ಚಿನ ಪಾಲು ಕೆಳಗಿದ್ದರೆ ಬಿದ್ದ ಕೀಟವನ್ನು ಬೇಗ ಮುಟ್ಟಬಹುದು.

ಎರಡನೆಯ ಗುರುತು ಸಾರುವೆಯದು. ಬೇರೆ ಚಕ್ರಬಲೆಗಳಲ್ಲಿ ಕೊನೆಗೆ ಬಿಚ್ಚಿಹಾಕುವ ಅಂಟಿಲ್ಲದ ಸುರುಳಿಯನ್ನು ನೆಫಿಲಾ ಹಾಗೆಯೇ ಉಳಿಸಿಕೊಳ್ಳುತ್ತದೆ. ಹಾಗಾಗಿ ಹತ್ತಿರದಿಂದ ನೋಡಿದರೆ ಎಳೆಗಳು ಒಂದೇ ಸಮನಾಗಿ ಇರುವುದಿಲ್ಲ; ಮಕ್ಕಳ ಕಾಪಿ ಪುಸ್ತಕದ ನಾಲ್ಕು ಗೆರೆಗಳಂತೆ ಗುಂಪು ಗುಂಪಾಗಿ ಕಾಣುತ್ತವೆ. ಈ ಕಾಪಿಗೆರೆ ಒಮ್ಮೆ ಕಣ್ಣಿಗೆ ಬಿತ್ತೆಂದರೆ, ಜೇಡ ಬಲೆಯಲ್ಲಿಲ್ಲದಿದ್ದರೂ ನೇಕಾರ ಯಾರೆಂದು ಹೇಳಬಲ್ಲಿರಿ. ಮುಖ್ಯ ಬಲೆಯ ಹಿಂದೆ ಮುಂದೆ ಅಡ್ಡಾದಿಡ್ಡಿ ಎಳೆಗಳ ಬೇಲಿ, ಜೇಡದ ಮೇಲ್ಗಡೆ ಸಾಲಾಗಿ ಕಟ್ಟಿಟ್ಟ ಕೀಟಗಳ ಅವಶೇಷ, ಇವು ಪೂರಕ ಗುರುತುಗಳು.

ಈ ಬಲೆಯಲ್ಲಿ ಅಪರೂಪಕ್ಕೆ ಸಣ್ಣ ಹಕ್ಕಿ, ಬಾವಲಿಗಳೂ ಸಿಕ್ಕಿಕೊಂಡ ದಾಖಲೆಗಳಿವೆ. ಎಳೆ ಅಷ್ಟು ಗಟ್ಟಿ. ಮನುಷ್ಯ ನೇಕಾರರಿಗೂ ಇದರ ಆಸೆ ಹುಟ್ಟಿದೆ. 2012ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಒಂದು ಹೊನ್ನಿನ ಬಣ್ಣದ ಹೊದಿಕೆ ಪ್ರದರ್ಶನಕ್ಕಿತ್ತು. ಮಡಗಾಸ್ಕರಿನಲ್ಲಿ, ನೆಫಿಲಾದ ನೆಂಟರಾದ ಹತ್ತು ಲಕ್ಷಕ್ಕೂ ಹೆಚ್ಚು ಜೇಡಗಳಿಂದ ನೂಲು ಪಡೆದು ಅದನ್ನು ನೇಯಲಾಗಿತ್ತು. ಅದಕ್ಕೆ ಬಣ್ಣ ಹಾಕಿರಲಿಲ್ಲ. ಒಂದು ಹೊದಿಕೆಗೆ ಅಷ್ಟು ನೇಕಾರರು ಬೇಕಾದರೆಂಬುದು, ಒಂದೊಂದು ಬಲೆಯಲ್ಲಿರುವ ನೂಲು ಎಷ್ಟು ತೆಳುವೆಂಬುದಕ್ಕೆ ಸಾಕ್ಷಿ.

4. ಬಿಳಿ ಕಸೂತಿಯಾದರೆ ಕಾಲಜೋಡಿ ನೋಡು

ಬಲೆಯ ನಡುವೆ ದಪ್ಪ ಬಿಳಿನೂಲಿನಲ್ಲಿ ಅಂಕುಡೊಂಕಾಗಿ ಹೆಣೆದ ಪಟ್ಟಿಗಳಿದ್ದರೆ ಅದು ಆರ್ಜಿಯೋಪಿ ಕುಲ. ಇಂಗ್ಲಿಷಿನಲ್ಲಿ ಸಿಗ್ನೇಚರ್ ಸ್ಪೈಡರ್ ಎನ್ನುತ್ತಾರೆ. ನಾವು ಸಹಿಜೇಡ ಎನ್ನಬಹುದು. ಪಟ್ಟಿಗಳು ಹೆಚ್ಚಾಗಿ ಗುಣಾಕಾರದ ಗುರುತಿನಂತೆ ಇರುತ್ತವೆ.

ಆದರೆ ಕಸೂತಿಯನ್ನೇ ನಂಬಿ ಕೂರಬಾರದು. ಇಂದು ನಾಲ್ಕು ತೋಳಿದ್ದರೆ ನಾಳೆ ಎರಡು ಇರಬಹುದು, ಒಂದೇ ಇರಬಹುದು, ಇಲ್ಲದೆಯೂ ಇರಬಹುದು. ಮರಿಗಳು ಗುಂಡನೆಯ ಬಿಲ್ಲೆ ಹೆಣೆಯುತ್ತವೆ. ಆದ್ದರಿಂದಲೇ ಕಾಲಜೋಡಿ ನೋಡಬೇಕು. ಆರ್ಜಿಯೋಪಿ ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ನಾಲ್ಕೇ ಕಾಲಿನ ಜೀವಿಯೆಂಬಂತೆ ಕೂರುತ್ತದೆ. ಕಸೂತಿ ಇದ್ದಾಗ ಈ ಜೋಡಿಗಳು ಅದರ ತೋಳುಗಳ ನೇರಕ್ಕೆ ಬರುತ್ತವೆ.

ನಮ್ಮಲ್ಲಿ ಬೇಲಿಸಾಲು, ಲಂಟಾನ ಪೊದೆಗಳಲ್ಲೂ ಕಾಣುವುದು ಆರ್ಜಿಯೋಪಿ ಅನಸೂಜ. ಐದು ಮೂಲೆಯ ಹೊಟ್ಟೆ, ಅದರ ಮೇಲೆ ಅಡ್ಡಡ್ಡ ಹಳದಿ, ಬಿಳಿ, ಕಂದು ಪಟ್ಟಿಗಳು. ಗೆರೆ ಉದ್ದುದ್ದ ಇದ್ದರೆ ನೆಫಿಲಾ, ಅಡ್ಡಡ್ಡ ಇದ್ದರೆ ಆರ್ಜಿಯೋಪಿ ಎಂದು ಹೊಸಬರು ನೆನಪಿಟ್ಟುಕೊಳ್ಳಬಹುದು. ಹೆಣ್ಣಿನ ಮೈ ಸುಮಾರು ಒಂದು ಸೆಂಟಿಮೀಟರ್, ಅಂದರೆ ನೆಫಿಲಾ ಹೆಣ್ಣಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ.

ಈ ಕಸೂತಿ ಏಕೆ? ಬಲೆಯನ್ನು ಬಿಗಿಗೊಳಿಸಲು ಎಂದು ಹಿಂದೆ ಭಾವಿಸಿದ್ದರು. ಪಟ್ಟಿ ನೇರಳಾತೀತ ಬೆಳಕನ್ನು ಪ್ರತಿಫಲಿಸಿ ಕೀಟಗಳನ್ನು ಸೆಳೆಯುತ್ತದೆ ಎಂಬುದು ಒಂದು ವಾದ. ಬಲೆ ಇದೆ, ಹರಿಯಬೇಡ ಎಂದು ಹಕ್ಕಿಗಳಿಗೆ ತೋರುವ ಗುರುತು ಎಂಬುದು ಇನ್ನೊಂದು. ಜೇಡವನ್ನು ಶತ್ರುಗಳ ಕಣ್ಣಿನಿಂದ ಮರೆಸುತ್ತದೆ ಎಂಬುದು ಮತ್ತೊಂದು. ವಿಜ್ಞಾನಿಗಳಲ್ಲಿ ಈ ಚರ್ಚೆ ಇನ್ನೂ ನಡೆದಿದೆ. ಕಸೂತಿಯ ತೋಳು ದಿನದಿನಕ್ಕೂ ಎಷ್ಟೆಂದು ಎಣಿಸಿ ಬರೆದಿಡುವ ಒಬ್ಬ ಶಾಲಾ ಹುಡುಗಿಯೂ ಇದಕ್ಕೆ ತನ್ನ ಪಾಲು ಸೇರಿಸಬಲ್ಲಳು.

5. ಗುಡಾರವಾದರೆ ಅಂಟುಂಟೆ ನೋಡು

ಬಲೆ ನಿಂತ ಚಕ್ರವಾಗಿರದೆ, ನೆಲಕ್ಕೆ ಸಮನಾಗಿ ಹಾಸಿದ ತೆಳು ಸೊಳ್ಳೆಪರದೆಯಂತಿದ್ದು, ನಡುವೆ ಗುಡಾರದಂತೆ ಮೇಲಕ್ಕೆ ಎತ್ತಿಕೊಂಡಿದ್ದರೆ ಅದು ಸಿರ್ಟೋಫೋರಾ ಕುಲ. ಮೇಲೆಯೂ ಕೆಳಗೂ ಎಳೆಗಳ ಗೋಜಲಿರುತ್ತದೆ. ಗುಡಾರದ ಶಿಖರದ ಕೆಳಗೆ ಜೇಡ ತಲೆಕೆಳಗಾಗಿ ನೇತಿರುತ್ತದೆ. ಒಣ ಹುಲ್ಲುಕಡ್ಡಿಯ ತುದಿಯನ್ನು ಅಂಚಿಗೆ ತಾಗಿಸಿ ತೆಗೆಯಿರಿ, ಅಂಟುವುದಿಲ್ಲ. ಹಾರುವ ಕೀಟ ಮೇಲಿನ ಗೋಜಲಿಗೆ ಬಡಿದು ಪರದೆಯ ಮೇಲೆ ಬೀಳುತ್ತದೆ, ಜೇಡ ಕೆಳಗಿನಿಂದ ಹಿಡಿಯುತ್ತದೆ. ಅಂಟಿಲ್ಲದ್ದರಿಂದ ಮಳೆ ಗಾಳಿಗೆ ಈ ಬಲೆ ಬೇಗ ಕೆಡದು, ಬಹಳ ದಿನ ಬಾಳುತ್ತದೆ.

6. ಹಾಸುಗಂಬಳಿಯಾದರೆ ಬಾಯಿ ಎಲ್ಲೆಂದು ನೋಡು

ಹುಲ್ಲಿನ ಮೇಲೆ ಕಂಬಳಿಯಂತೆ ಹಾಸಿದ ಬಲೆ, ಅದರೊಳಗೆ ಆಲಿಕೆಯಂತಹ ಒಂದು ಬಾಯಿ, ಬಾಯಲ್ಲಿ ಕಾದು ಕೂತ ಕಂದುಜೇಡ ಕಂಡರೆ ಅದು ಹಿಪ್ಪಾಸಾ. ಇಬ್ಬನಿಯ ಬೆಳಗಿನಲ್ಲಿ ಮೈದಾನದ ತುಂಬ ಹರಡಿದ ಬಿಳಿ ಹಾಳೆಗಳು ಇದರವೇ. ಘಟ್ಟದ ರಸ್ತೆಯ ದರೆಯಲ್ಲಿ, ಹಳ್ಳದ ಬಂಡೆಯ ಅಡಿಯಲ್ಲಿ ಅಗಲವಾದ ಹಾಸು ಇದ್ದು ಅದು ಒಂದು ಕೊರಕಲಿನೊಳಗೆ ಸೇರುತ್ತಿದ್ದರೆ, ನೀಳಗಾಲಿನ ಜೇಡ ಹಾಸಿನ ಅಡಿಯಲ್ಲಿ ಮಗುಚಿ ನೇತಿದ್ದರೆ, ಅದು ಸೆಕ್ರಸ್. ತಾಯಂದಿರಲ್ಲಿ ಇನ್ನೊಂದು ಭೇದವಿದೆ. ಸೆಕ್ರಸ್ ಮೊಟ್ಟೆಚೀಲವನ್ನು ಬಾಯಲ್ಲಿ ಹಿಡಿದಿರುತ್ತದೆ, ಹಿಪ್ಪಾಸಾ ಹೊಟ್ಟೆಯ ತುದಿಗೆ ಅಂಟಿಸಿಕೊಂಡಿರುತ್ತದೆ.

ಒಂದೇ ಬಲೆಗೆ ಹಲವು ಬಾಯಿಗಳಿದ್ದರೆ? ಬಯಲುಸೀಮೆಯ ಮುಳ್ಳುಬೇಲಿ, ಕುರುಚಲು ಕಾಡಿನ ಬೂದುಬಣ್ಣದ ಗಂಟುಗಂಟಾದ ಬಲೆ ಅದು. ಕಟ್ಟಿದವು ಸ್ಟೆಗೊಡೈಫಸ್ ಸರಸಿನೋರಮ್ ಎಂಬ ಕೂಡುಬಾಳಿನ ಜೇಡಗಳು. ಒಂದೊಂದೂ ಚಿಕ್ಕದು. ನೂರಾರು ಕೂಡಿ ನೇಯ್ದು, ಕೂಡಿ ಬೇಟೆಯಾಡಿ, ಕೂಡಿ ಉಣ್ಣುತ್ತವೆ.

7. ಇರುಳ ಬಲೆಯಾದರೆ ಹಗಲಲ್ಲಿ ಎಲೆಯ ನೋಡು

ಟಾರ್ಚಿನ ಬೆಳಕಿಗೆ ಕಂಡ ದೊಡ್ಡ ಚಕ್ರಬಲೆ ಬೆಳಗ್ಗೆ ಅದೇ ಜಾಗದಲ್ಲಿ ಇಲ್ಲವೆಂದು ಬೆರಗಾಗಬೇಡಿ. ನಿಯೋಸ್ಕೋನಾ ಮೊದಲಾದ ಇರುಳ ನೇಕಾರರಲ್ಲಿ ಹಲವು ಸಂಜೆ ನೇಯ್ದು, ಬೆಳಗಾಗುವ ಹೊತ್ತಿಗೆ ಬಲೆಯನ್ನು ತಾವೇ ತಿಂದು ಮುಗಿಸುತ್ತವೆ. ಆ ನೂಲೇ ಮೈಯೊಳಗೆ ಕರಗಿ ಮರುದಿನದ ಬಲೆಗೆ ಒದಗುತ್ತದೆ. ಹಗಲಲ್ಲಿ ಒಂಟಿ ಎಳೆಯೊಂದು ಮಡಿಸಿದ ಎಲೆಗೆ ಹೋಗಿ ಸೇರಿದ್ದರೆ ಆ ಎಲೆಯನ್ನು ಮುಟ್ಟದೆ ಇಣುಕಿ ನೋಡಿ.

ಕೆಲವು ಸಲ ಎಲೆಯೆಂದು ಕಂಡದ್ದೇ ಜೇಡವಾಗಿರುತ್ತದೆ. ನಮ್ಮ ಕರ್ನಾಟಕದ ಕಾನುಗಳಲ್ಲಿ ಸಿಕ್ಕಿ 2016ರಲ್ಲಿ ಹೆಸರು ಪಡೆದ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಒಣಗಿ ಸುರುಟಿದ ಎಲೆಯಂತೆಯೇ ಇದೆ. ಅದರ ಆಕಾರ ಹ್ಯಾರಿ ಪಾಟರ್ ಕಥೆಯ ಮಾತಾಡುವ ಟೋಪಿಯನ್ನು ನೆನಪಿಸಿದ್ದರಿಂದ ಆ ಹೆಸರು. ಉದ್ದ ಸುಮಾರು 7 ಮಿಲಿಮೀಟರ್. ದೇವರ ಹೆಸರಿನಲ್ಲಿ ನಮ್ಮ ಹಿರಿಯರು ಕಾಪಾಡಿದ ಕಾನುಗಳಲ್ಲಿ ಇನ್ನೂ ಹೆಸರಿಲ್ಲದ ಜೀವಗಳಿರಬಹುದು ಎಂಬುದನ್ನು ಈ ಪುಟ್ಟ ನೇಕಾರ ತೋರಿಸಿಕೊಟ್ಟಿದೆ.

8. ದೊಡ್ಡದರ ಮಗ್ಗುಲಲ್ಲಿ ಚಿಕ್ಕದನು ನೋಡು

ನೆಫಿಲಾದ ಬಲೆಯಲ್ಲಿ ದೊಡ್ಡ ಹೆಣ್ಣಿನ ಹತ್ತಿರ ಅರ್ಧ ಸೆಂಟಿಮೀಟರಿನ ಕೆಂಗಂದು ಜೇಡ ಕಂಡರೆ ಅದು ಮರಿಯಲ್ಲ, ಗಂಡು. ಬಾಯಿಯ ಎರಡು ಪಕ್ಕದ ಕಿರುಗೈಗಳ ತುದಿ ಗುಂಡಗೆ ಉಬ್ಬಿರುವುದೇ ಗಂಡಿನ ಗುರುತು. ಒಂದೇ ಬಲೆಯಲ್ಲಿ ಹಲವು ಗಂಡುಗಳು ಸರದಿ ಕಾಯುವುದೂ ಉಂಟು. ಅಂಚಿನಲ್ಲಿ ಬೆಳ್ಳಿಯ ಹನಿಯಂತೆ ಹೊಳೆಯುವುದು ಬೇರೆಯೇ ಕುಲ, ಆರ್ಜಿರೋಡಿಸ್. ದೊಡ್ಡವಳು ಬಿಟ್ಟ ಸಣ್ಣ ಕೀಟಗಳನ್ನು ಕದ್ದು ತಿಂದು ಬಾಳುವ ಬಲೆಗಳ್ಳ ಅದು. ಒಂದು ಬಲೆಯಲ್ಲಿ ಕಂಡವೆಲ್ಲ ಒಂದೇ ಮನೆಯವೆಂದು ಎಣಿಸಿದವರು ಲೆಕ್ಕ ತಪ್ಪುತ್ತಾರೆ.

9. ಹೆಸರಿಡುವ ಮುನ್ನ ಇನ್ನೊಮ್ಮೆ ನೋಡು

ನೇಯ್ಗೆ ನಮ್ಮನ್ನು ಕುಲದವರೆಗೆ ಕರೆದೊಯ್ಯುತ್ತದೆ, ಜಾತಿಯವರೆಗೆ ಎಲ್ಲ ಸಲ ಅಲ್ಲ. ಆರ್ಜಿಯೋಪಿ ಅನಸೂಜ ಮತ್ತು ಆರ್ಜಿಯೋಪಿ ಪುಲ್ಕೆಲ್ಲಾ ನಡುವೆ ಫೋಟೊದಲ್ಲಿ ಎಡವುವುದು ಸುಲಭ. ಖಚಿತ ನಿರ್ಣಯಕ್ಕೆ ತಜ್ಞರು ಹೆಣ್ಣಿನ ಹೊಟ್ಟೆಯಡಿಯ ಜನನಾಂಗವನ್ನೂ ಗಂಡಿನ ಕಿರುಗೈಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೆಸರುಗಳೂ ಬದಲಾಗುತ್ತವೆ. ಹಿಂದೆ ನೆಫಿಲಾ ಎನಿಸಿದ್ದ ಹಲವು ಜೇಡಗಳನ್ನು 2019ರಲ್ಲಿ ಟ್ರೈಕೊನೆಫಿಲಾ ಎಂಬ ಕುಲಕ್ಕೆ ಸೇರಿಸಲಾಯಿತು. 2022ರಲ್ಲಿ ಜಗತ್ತಿನ ಹೆಸರಿಟ್ಟ ಜೇಡಗಳ ಎಣಿಕೆ 50,000 ದಾಟಿತು. ಭಾರತದ ಜೇಡಗಳನ್ನು ಬಾಳಿಡೀ ಅಭ್ಯಾಸ ಮಾಡಿದ ಬಿ. ಕೆ. ಟಿಕಾದಾರ್ ಅವರ 1987ರ ಕೈಪಿಡಿಯೂ ಇಂದು ತಿದ್ದುಪಡಿಗಳೊಂದಿಗೆ ಓದಬೇಕಾದ ಗ್ರಂಥ.

ಆದ್ದರಿಂದ ನಾಲ್ಕು ಫೋಟೊ ತೆಗೆಯಿರಿ: ಇಡೀ ಬಲೆ, ಜೇಡದ ಬೆನ್ನು, ಅದರ ಹೊಟ್ಟೆಯ ಅಡಿ, ಪಕ್ಕದ ನೋಟ. ಊರು, ದಿನ, ಹೊತ್ತು, ನೆಲದಿಂದ ಬಲೆಯ ಎತ್ತರ ಬರೆದಿಡಿ. ಜಾತಿ ತಿಳಿಯದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. ತಪ್ಪು ಜಾತಿಹೆಸರಿಗಿಂತ ‘ಆರ್ಜಿಯೋಪಿ’ ಎಂಬ ಒಂದೇ ಪದದ ದಾಖಲೆಗೆ ಬೆಲೆ ಹೆಚ್ಚು.

10. ನೋಡಿಯಾಯಿತೆ, ಬಳಸಿ ಹೋಗು

ಬಳಸು ಎಂಬ ಪದಕ್ಕೆ ಉಪಯೋಗಿಸು ಎಂಬ ಅರ್ಥವುಂಟು, ಸುತ್ತು ಹಾಕು ಎಂಬ ಅರ್ಥವೂ ಉಂಟು. ಇಲ್ಲಿ ಎರಡನೆಯದು. ಬಲೆ ಹರಿಯದೆ, ಪಕ್ಕದಿಂದ ದಾರಿ ಮಾಡಿಕೊಂಡು ಹೋಗು ಎಂದು ತಾತ್ಪರ್ಯ.

ಚಿಕ್ಕಂದಿನಲ್ಲಿ ನಮ್ಮ ತೋಟದ ದಾರಿಯಲ್ಲಿ ಇಂಥದೊಂದು ಹೊನ್ನಿನ ಬಲೆಯ ಎಡಭಾಗವನ್ನು ಕೋಲಿನಿಂದ ಹರಿದಿದ್ದೆ. ಮರುದಿನ ಅದೇ ದಾರಿಯಲ್ಲಿ ಹೋದಾಗ ಎಡಭಾಗ ಹೊಸತಾಗಿತ್ತು, ಬಲಭಾಗ ಹಳೆಯದೇ ಇತ್ತು. ಎರಡು ನೇಯ್ಗೆಯ ಬಟ್ಟೆಗಳನ್ನು ಜೋಡಿಸಿದಂತೆ ನಡುವಿನ ಗೆರೆ ಕಾಣುತ್ತಿತ್ತು. ನೆಫಿಲಾ ಬಲೆಯನ್ನು ಒಟ್ಟಿಗೇ ಕಿತ್ತು ಕಟ್ಟುವುದಿಲ್ಲ, ಭಾಗ ಭಾಗವಾಗಿ ಹೊಸದು ಮಾಡುತ್ತದೆ ಎಂದು ಓದಿದ್ದು ಬಹಳ ವರ್ಷಗಳ ಮೇಲೆ. ಆದರೆ ಆ ಗೆರೆ ನೋಡಿದ ದಿನದಿಂದ ನಾನು ಬಲೆ ಹರಿದಿಲ್ಲ.

ಭಯಕ್ಕೆ ಕಾರಣವಿಲ್ಲ. ಬಹುತೇಕ ಎಲ್ಲ ಜೇಡಗಳಿಗೂ ವಿಷವಿದೆ, ಆದರೆ ಅದು ಕೀಟಕ್ಕೆ ಅಳೆದದ್ದು. ನೆಫಿಲಾ, ಆರ್ಜಿಯೋಪಿಗಳು ಹಿಡಿದು ಹಿಂಸಿಸಿದರಷ್ಟೇ ಕಚ್ಚಾವು. ಕಚ್ಚಿದರೂ ಸ್ವಲ್ಪ ನೋವು, ಊತ. ಬಲೆ ಅಲುಗಿದರೆ ಅವು ಓಡುವುದು ನಮ್ಮಿಂದ ದೂರಕ್ಕೆ. ಎಚ್ಚರ ಬೇಕಾದದ್ದು ಪೊಟರೆಯ ಟಾರಂಟುಲಾ ವಿಷಯದಲ್ಲಿ. ಪಶ್ಚಿಮಘಟ್ಟದ ಪೀಸಿಲೊಥೇರಿಯಾ ಕಚ್ಚಿದರೆ ಸ್ನಾಯುಗಳು ಸೆಳೆಯುತ್ತವೆ, ವೈದ್ಯರ ಬಳಿ ಹೋಗಬೇಕಾಗುತ್ತದೆ. ಪೊಟರೆಗೆ ಕೈ ಹಾಕದಿದ್ದರೆ ಆ ತೊಂದರೆಯೂ ಇಲ್ಲ.

ತುಂಬು ಬಸಿರಾದ ದೈತ್ಯ ಕಾಡುಜೇಡ ಒಂದು ದಿನ ತನ್ನ ಬಲೆಯಿಂದ ನೆಲಕ್ಕಿಳಿಯುತ್ತದೆ. ಮಣ್ಣಿನಲ್ಲಿ ಗುಳಿ ತೋಡಿ, ಮೊಟ್ಟೆಚೀಲವಿಟ್ಟು, ಮಣ್ಣು ತರಗೆಲೆಗಳಿಂದ ಮುಚ್ಚುತ್ತದೆ. ಮುಂದಿನ ವರ್ಷದ ಹೊನ್ನೆಳೆ ನಾವು ನಡೆಯುವ ನೆಲದಲ್ಲೇ ಇದೆ. ಮೇಲೆ ಬಲೆಯನ್ನೂ ಕೆಳಗೆ ತರಗನ್ನೂ ಉಳಿಸಿ, ಬಳಸಿ ಹೋಗಿ.